ವರದಿಗಾರನ ಮೊದಲ ಪಾಠ



ಪುಣೆಯ ರಾನಡೆ ಇನ್‌ಸ್ಟಿಟ್ಯೂಟಿನಂತಹ ಕಡೆ ಪತ್ರಿಕೋದ್ಯಮ ಕಲಿಯಹೊರಟ ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಯಾರು, ಏನು, ಎಲ್ಲಿ, ಯಾವಾಗ ಎಂದು ಅಡಕವಾಗಿ ಬರೆಯುವ ಕಸುಬನ್ನು ತರಗತಿ ಕಲಿಸುತ್ತದೆ. ಬರೆಯುವ ಮುನ್ನ ಪರೀಕ್ಷಿಸಬೇಕೆಂಬ ಧರ್ಮಕ್ಕೆ ಈ ಊರಿನ ಇತಿಹಾಸವೇ ಸಾಕ್ಷಿ.

1881ರಲ್ಲಿ ಇಲ್ಲಿ ‘ಕೇಸರಿ’, ‘ಮರಾಠಾ’ ಪತ್ರಿಕೆಗಳು ಹುಟ್ಟಿದವು. ಕೊಲ್ಹಾಪುರದ ಎಳೆಯ ಮಹಾರಾಜರಿಗೆ ಕಿರುಕುಳವಾಗುತ್ತಿದೆಯೆಂಬ ಕಾಗದಗಳನ್ನು ನಂಬಿ ಅಲ್ಲಿನ ದಿವಾನರ ವಿರುದ್ಧ ಬರೆದವು. ಕಾಗದಗಳು ಖೋಟಾ ಎಂದು ತಿಳಿಯಿತು. 1882ರಲ್ಲಿ ತಿಲಕರೂ ಆಗರಕರರೂ ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ 101 ದಿನ ಕಳೆಯಬೇಕಾಯಿತು. ಅಂತಹವರ ಪ್ರಾಮಾಣಿಕ ಕಳಕಳಿಯೂ ಆಧಾರದ ಕೊರತೆಯನ್ನು ತುಂಬಲಿಲ್ಲ.

ಈ ಪಾಠ ನಮಗೆ ದೂರದ್ದಲ್ಲ. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಾಗ, ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಗಡಿಯ ಸುದ್ದಿಯಲ್ಲಿ ಒಂದು ಮಾತು ಹೆಚ್ಚಾದರೂ ಬಿಸಿ ತಟ್ಟುವುದು ಇಲ್ಲಿ ನಮಗೆ, ಅಲ್ಲಿ ಮರಾಠಿ ನೆರೆಯವರಿಗೆ. ನಮ್ಮ ಮಕ್ಕಳು ಎರಡೂ ಭಾಷೆ ಬಲ್ಲವರು. ಎರಡೂ ಕಡೆ ಕೇಳಿ, ಎಣಿಸಿ, ಹೆಸರು ವಿಚಾರಿಸಿ ಬರೆಯಲಿ. ನಮ್ಮವರದೇ ತಪ್ಪಿದ್ದರೆ ಅದನ್ನೂ ಬರೆಯಲಿ. ಓದಿ ಸಹಿಸುವ ಹೊಣೆ ನಮ್ಮದು.