ಶುಲ್ಕದ ರಸೀದಿ ಯಾರ ಹೆಸರಿನಲ್ಲಿದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ವಿದೇಶಿ ವ್ಯಾಸಂಗದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ತಿಳಿಸಿದ್ದರು. ಮಹತ್ವ ನಿಮಗೆಲ್ಲ ಗೊತ್ತಿದೆ. ಆದ್ದರಿಂದ ಅವರ ಕ್ಷಮೆ ಕೋರಿ, ಇಲ್ಲಿಂದ ಅಲ್ಲಿಗೆ ಶುಲ್ಕ ಕಟ್ಟುವುದು ಹೇಗೆ ಎಂಬುದನ್ನೇ ಮಾತನಾಡುತ್ತೇನೆ. ಉರ್ದು, ಕನ್ನಡ ಕಲಿಸುವವರಿಗೆ ಡಾಲರಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಶಾಲೆಗೆ ಬಂದರು. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ವ್ಯಾಪಾರ. ಮಗ ಮಧ್ಯ ಏಷ್ಯಾದ ಒಂದು ದೇಶದಲ್ಲಿ ಡಾಕ್ಟರ್ ಓದಲು ಹೋಗಿದ್ದ. "ಮೇಡಂ, ಈ ಇಂಗ್ಲಿಷ್ ಕಾಗದ ಸ್ವಲ್ಪ ಓದಿ ಹೇಳಿ" ಅಂದರು. ಓದಿದೆ. ಮೊದಲ ವರ್ಷದ ಶುಲ್ಕದಲ್ಲಿ ಅರ್ಧ ಬಾಕಿ ಇದೆ, ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿತ್ತು. ಅವರ ಮುಖ ಬಿಳಿಚಿತು. "ಪೂರ್ತಿ ಕೊಟ್ಟಿದ್ದೀನಲ್ಲಾ, ಎಣಿಸಿ ಕೊಟ್ಟಿದ್ದೀನಿ" ಅಂದರು. ಯಾರಿಗೆ? ಏಜೆಂಟರಿಗೆ. ರಸೀದಿ? ಜೇಬಿನಿಂದ ಏಜೆಂಟರ ವಿಸಿಟಿಂಗ್ ಕಾರ್ಡ್ ತೆಗೆದರು. ಅದರ ಹಿಂದೆ ಪೆನ್ನಿನಲ್ಲಿ ಒಂದು ಮೊತ್ತ ಬರೆದಿತ್ತು. ಅಷ್ಟೇ.

ಅಂದಿನಿಂದ ನಾನು ಈ ವಿಷಯ ಕಲಿಯಲು ಶುರು ಮಾಡಿದೆ.

ಮೊದಲನೆಯ ಮಾತು. ಪ್ರವೇಶ ಪತ್ರದಲ್ಲಿ ವಿಶ್ವವಿದ್ಯಾಲಯದ ಬ್ಯಾಂಕ್ ಖಾತೆ, ಸ್ವಿಫ್ಟ್ ಕೋಡ್, ನಿಮ್ಮ ಮಗುವಿನ ವಿದ್ಯಾರ್ಥಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ವಿಶ್ವವಿದ್ಯಾಲಯದ ಅಧಿಕೃತ ವಿಳಾಸಕ್ಕೇ ಬರೆದು ಕೇಳಿ, ಏಜೆಂಟರನ್ನು ಕೇಳಬೇಡಿ. ಹಣ ನಿಮ್ಮ ಖಾತೆಯಿಂದ ಹೊರಟು ವಿಶ್ವವಿದ್ಯಾಲಯದ ಖಾತೆಗೇ ಸೇರಬೇಕು. ಏಜೆಂಟರ ಸೇವಾಶುಲ್ಕ ಬೇರೆ, ಅದನ್ನು ಬೇರೆಯಾಗಿ ರಸೀದಿ ಪಡೆದು ಕೊಡಿ. "ಆರು ವರ್ಷದ್ದು ಒಟ್ಟಿಗೆ ಕೊಟ್ಟರೆ ರಿಯಾಯಿತಿ" ಎನ್ನುವವರಿಂದ ದೂರವಿರಿ. 2022ರಲ್ಲಿ ಉಕ್ರೇನಿನಲ್ಲಿ ಏನಾಯಿತು ನೆನಪಿದೆಯಲ್ಲ? ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡ. ಬದುಕಿ ಬಂದ ಸಾವಿರಾರು ಮಕ್ಕಳ ಓದು ನಡುವೆಯೇ ನಿಂತಿತು. ಮುಂದಿನ ವರ್ಷ ಏನೆಂದು ಯಾರಿಗೂ ಗೊತ್ತಿಲ್ಲದಿರುವಾಗ ಆರು ವರ್ಷದ ಹಣ ಯಾಕೆ ಮುಂಚೆಯೇ ಕೊಡಬೇಕು?

ವೈದ್ಯಕೀಯಕ್ಕೆ ಹೋಗುವವರು ಇನ್ನೊಂದು ನೋಡಿಕೊಳ್ಳಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್, ಬೋಧನೆ ಇಂಗ್ಲಿಷಿನಲ್ಲಿ ಇರಬೇಕು. ಇಲ್ಲದ ಕಡೆ ಕಟ್ಟಿದ ಶುಲ್ಕ ಹೇಮಾವತಿಗೆ ಎಸೆದಂತೆ.

ಬ್ಯಾಂಕಿನ ಕೆಲಸ ಅಷ್ಟು ಕಷ್ಟವಲ್ಲ. ರಿಸರ್ವ್ ಬ್ಯಾಂಕ್ 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆ ತಂದಾಗ ಮಿತಿ 25,000 ಡಾಲರ್ ಇತ್ತು. 2015ರಿಂದ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್. ನಮ್ಮಂಥವರಿಗೆ ಆ ಮಿತಿಯ ಚಿಂತೆ ಇಲ್ಲ ಬಿಡಿ. ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್ ಪ್ರತಿ, ಪ್ರವೇಶ ಪತ್ರ, ಶುಲ್ಕದ ಬೇಡಿಕೆ ಪತ್ರ ತೆಗೆದುಕೊಂಡು ಹೋಗಿ. ಎ2 ಎಂಬ ಫಾರಂ ತುಂಬಬೇಕು, ಉದ್ದೇಶದ ಜಾಗದಲ್ಲಿ ವಿದ್ಯಾಭ್ಯಾಸ ಎಂದೇ ಇರಬೇಕು. ಎಲ್ಲ ಶಾಖೆಗಳಲ್ಲೂ ವಿದೇಶಿ ವಿನಿಮಯದ ಕೆಲಸ ನಡೆಯುವುದಿಲ್ಲ. ಸಣ್ಣ ಊರಿನ ಶಾಖೆಯಿಂದ ಕಾಗದ ದೊಡ್ಡ ಶಾಖೆಗೆ ಹೋಗಿ ಬರಲು ದಿನಗಳು ಹಿಡಿಯುತ್ತವೆ. ಆದ್ದರಿಂದ ಕೊನೆಯ ದಿನಕ್ಕೆ ಎರಡು ವಾರ ಮುಂಚೆಯೇ ಹೋಗಿ.

ನಮ್ಮ ತೆಂಗಿನಕಾಯಿ ಭಾಯಿಯವರ ಬಾಕಿಯನ್ನು ಹಾಗೆಯೇ ಹಾಸನದ ಬ್ಯಾಂಕಿನಿಂದ ಕಟ್ಟಿಸಿದೆವು. ವಾರದ ನಂತರ ಮತ್ತೆ ಕಾಗದ ಬಂತು: 20 ಡಾಲರ್ ಕಡಿಮೆ! ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕು ತನ್ನ ಖರ್ಚು ಮುರಿದುಕೊಂಡಿತ್ತು. ಫಾರಂನಲ್ಲಿ "ವಿದೇಶಿ ಬ್ಯಾಂಕಿನ ಖರ್ಚು ಯಾರದು" ಎಂಬ ಒಂದು ಕಾಲಂ ಇರುತ್ತದೆ. ಕಳಿಸುವವರದು ಎಂದು ಗುರುತು ಹಾಕಿದರೆ ಪೂರ್ತಿ ಹಣ ಸೇರುವ ಸಾಧ್ಯತೆ ಹೆಚ್ಚು. ನಾವು ಅದನ್ನು ನೋಡಿಯೇ ಇರಲಿಲ್ಲ. ಇಪ್ಪತ್ತು ಡಾಲರಿಗೆ ಮತ್ತೊಮ್ಮೆ ಅದೇ ಫಾರಂ, ಅದೇ ಕ್ಯೂ, ಮತ್ತೆ ಬ್ಯಾಂಕ್ ಖರ್ಚು.

ಡಾಲರ್ ದರದ ಲೆಕ್ಕವನ್ನೂ ಮನೆಯಲ್ಲಿ ಕೂತು ಹಾಕಿ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 75 ರೂಪಾಯಿ ಇತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ವರ್ಷಕ್ಕೆ 5,000 ಡಾಲರ್ ಶುಲ್ಕವೆಂದರೆ 75ರ ದರದಲ್ಲಿ 3,75,000, 90ರ ದರದಲ್ಲಿ 4,50,000. ವಿಶ್ವವಿದ್ಯಾಲಯ ಒಂದು ಡಾಲರೂ ಏರಿಸಿಲ್ಲ, ನಮಗೆ ಮಾತ್ರ 75,000 ಏರಿತು. ಇದರ ಜೊತೆಗೆ ಹಂಗಾಮು ಬೇರೆ. ಅರಕಲಗೂಡಿನ ತಂಬಾಕು ಬೆಳೆಗಾರರಿಗೆ ರಾಮನಾಥಪುರದ ಹರಾಜು ಮುಗಿಯದೆ ಕೈಗೆ ಪೂರ್ತಿ ಹಣ ಬರುವುದಿಲ್ಲ. ಅನೇಕ ದೇಶಗಳಲ್ಲಿ ಸೆಪ್ಟೆಂಬರಿಗೇ ತರಗತಿ ಶುರು. ಎರಡು ಕಂತಿಗೆ ಅವಕಾಶ ಕೇಳಿ, ಬಹಳ ಕಡೆ ಕೊಡುತ್ತಾರೆ. ಕೇಳಲು ನಾಚಿಕೆ ಬೇಡ.

ಒಂದು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿ ಕಳಿಸಿದರೆ, ದಾಟಿದ ಮೊತ್ತಕ್ಕೆ ಬ್ಯಾಂಕು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತದೆ. 2025ರ ಏಪ್ರಿಲಿಗೆ ಮೊದಲು ಈ ಮಿತಿ 7 ಲಕ್ಷವಿತ್ತು. ದರ ಬಜೆಟ್ಟಿಗೊಮ್ಮೆ ಬದಲಾಗುವುದರಿಂದ ಆ ವರ್ಷದ್ದನ್ನು ಬ್ಯಾಂಕಿನಲ್ಲೇ ಕೇಳಿ. ಇದು ಹೋದ ಹಣವಲ್ಲ, ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆಗೆ ವಜಾ ಆಗುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸ್ ಬರುತ್ತದೆ. ರಿಟರ್ನ್ ಹಾಕುವ ಅಭ್ಯಾಸವೇ ಇಲ್ಲದ ನಮ್ಮವರು ಅದನ್ನು ಬಿಟ್ಟುಬಿಡುತ್ತಾರೆ.

"ಅಣ್ಣ ರಿಯಾದ್‌ನಲ್ಲಿದ್ದಾನೆ" ಎನ್ನುವವರು ಇಲ್ಲಿ ಅನೇಕರಿದ್ದೀರಿ. ಅಣ್ಣ ತನ್ನ ಸಂಪಾದನೆಯನ್ನು ತನ್ನ ಬ್ಯಾಂಕಿನಿಂದ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಟ್ಟಲಿ, ಬಹಳ ಒಳ್ಳೆಯದು. ಆದರೆ ಇಲ್ಲಿ ಯಾರದೋ ಕೈಗೆ ರೂಪಾಯಿ ಕೊಟ್ಟು, ಅಲ್ಲಿ ಇನ್ಯಾರೋ ಡಾಲರ್ ಕಟ್ಟುವುದು ಹವಾಲಾ. 1999ರ ವಿದೇಶಿ ವಿನಿಮಯ ಕಾನೂನಿನಂತೆ ಅಪರಾಧಕ್ಕೆ ದಂಡವಿದೆ. ಹಣ ಮಧ್ಯದಲ್ಲಿ ಮಾಯವಾದರೆ ಪೊಲೀಸರಲ್ಲಿ ಹೇಳಿಕೊಳ್ಳಲೂ ಬಾಯಿರುವುದಿಲ್ಲ.

ಸಾಲದ ಮಾತು ಬಂದರೆ ಸಭೆ ಮೌನವಾಗುತ್ತದೆ, ನನಗೆ ಗೊತ್ತು. ಸೂದ್ ಬೇಡವೆಂಬ ಕುಟುಂಬಗಳ ಭಾವನೆಗೆ ನನ್ನ ಗೌರವವಿದೆ, ಅದರ ತೀರ್ಪು ನನ್ನದಲ್ಲ, ಉಲೇಮಾಗಳನ್ನು ಕೇಳಿ. ಸರ್ ಸಯ್ಯದ್ ಅಹ್ಮದ್ ಖಾನರು 1869ರಲ್ಲಿ ಮಗ ಮಹಮೂದರ ಜೊತೆ ಇಂಗ್ಲೆಂಡಿಗೆ ಹೊರಟಾಗ ಮಗನಿಗೆ ಸರಕಾರದ ವಿದ್ಯಾರ್ಥಿವೇತನವಿತ್ತು, ಆದರೂ ತಮ್ಮ ಪಯಣಕ್ಕೆ ಮನೆ ಅಡವಿಡಬೇಕಾಯಿತು ಎಂಬುದಷ್ಟೇ ನನ್ನ ನೆನಪು. ಕೇಂದ್ರದ 'ಪಢೋ ಪರದೇಶ್' ಯೋಜನೆ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ಸಹಾಯಧನ ಕೊಡುತ್ತಿತ್ತು, ಅದು 2022-23ರಿಂದ ನಿಂತಿದೆ. ಹಳೆಯ ಕರಪತ್ರ ಹಿಡಿದು ಬ್ಯಾಂಕಿಗೆ ಅಲೆಯಬೇಡಿ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಈ ವರ್ಷ ವಿದೇಶಿ ವ್ಯಾಸಂಗಕ್ಕೆ ಅರ್ಜಿ ಕರೆದಿದ್ದಾರೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಬ್ಯಾಂಕಿನಿಂದ ವಿದ್ಯಾಭ್ಯಾಸದ ಸಾಲ ಪಡೆದು ಕಟ್ಟುವ ಶುಲ್ಕಕ್ಕೆ 2025ರ ಏಪ್ರಿಲಿನಿಂದ ನಾನು ಹೇಳಿದ ಟಿಸಿಎಸ್ ಇಲ್ಲ.

ಆ ಹುಡುಗ ಪರೀಕ್ಷೆಗೆ ಕೂತ. ಏಜೆಂಟರಿಂದ ಹಣ ಇವತ್ತಿಗೂ ವಾಪಸ್ ಬಂದಿಲ್ಲ. ಈಗ ಅವನ ಅಬ್ಬಾ ಪ್ರತಿ ಸಲ ತಾವೇ ಬ್ಯಾಂಕಿಗೆ ಹೋಗುತ್ತಾರೆ, ಸ್ವಿಫ್ಟ್ ಪ್ರತಿ ಕೇಳಿ ಪಡೆಯುತ್ತಾರೆ, ಅದನ್ನು ಮಗನಿಗೆ ಕಳಿಸಿ, ವಿಶ್ವವಿದ್ಯಾಲಯದ ರಸೀದಿ ಬರುವವರೆಗೆ ಬಿಡುವುದಿಲ್ಲ. ಇವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಫೈಲು ತಂದಿದ್ದಾರೆ. ಊಟದ ಹೊತ್ತಿನಲ್ಲಿ ನೀವು ಕೇಳಿದರೆ ಒಂದೊಂದೇ ಕಾಗದ ತೆಗೆದು ತೋರಿಸುತ್ತಾರೆ.