ಎಲ್ಲಿ ಸಾಕು, ಎಲ್ಲಿ ಸಾಲದು

ಪ್ರೀತಿಯ ಪದವೀಧರರೆ,

ಚಿನ್ನದ ಪದಕ ಪಡೆದವರಿಗೂ, ಉಳಿದ ಪೇಪರನ್ನು ಮತ್ತೆ ಕಟ್ಟಿ ತೇರ್ಗಡೆಯಾದವರಿಗೂ ನನ್ನ ಅಭಿನಂದನೆ ಒಂದೇ ತೂಕದ್ದು.

ಇನ್ನು ಮೇಲೆ ಎರಡು ಬಗೆಯ ಬುದ್ಧಿಮಾತು ನಿಮ್ಮ ಕಿವಿಗೆ ಬೀಳುತ್ತಿರುತ್ತದೆ. ಇರುವುದರಲ್ಲೇ ನೆಮ್ಮದಿಯಾಗಿರಿ ಎನ್ನುವವರು ಕೆಲವರು. ಇಷ್ಟಕ್ಕೇ ನಿಲ್ಲಬೇಡಿ, ಮೇಲೇರಿ ಎನ್ನುವವರು ಇನ್ನು ಕೆಲವರು. ಎರಡೂ ಒಳ್ಳೆಯ ಮಾತೇ. ಯಾವ ಮಾತು ಎಲ್ಲಿಗೆ ಸಲ್ಲಬೇಕು ಎಂಬುದು ತಿಳಿಯದೆ ಹೋದಾಗ ಮಾತ್ರ ಬದುಕು ಎಳೆದಾಟಕ್ಕೆ ಸಿಕ್ಕಿಬೀಳುತ್ತದೆ. ನಾನು ನಂಬಿರುವುದು ಇಷ್ಟು: ನಮಗೆ ಸಿಗುವುದರ ವಿಷಯದಲ್ಲಿ ತೃಪ್ತಿ ಇರಲಿ, ನಾವು ಮಾಡುವುದರ ವಿಷಯದಲ್ಲಿ ಹಂಬಲ ಇರಲಿ.

ಇದಕ್ಕೊಂದು ಉದಾಹರಣೆ ಕೊಡುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತು 1940ರ ದಶಕದಲ್ಲಿ ಕನ್ನಡ–ಕನ್ನಡ ನಿಘಂಟಿನ ಕೆಲಸಕ್ಕೆ ಕೈಹಾಕಿತು. ಶಾಸನಗಳನ್ನೂ ಹಳಗನ್ನಡ ಕಾವ್ಯಗಳನ್ನೂ ಓದಿ, ಪದಗಳನ್ನು ಪ್ರಯೋಗದ ಸಮೇತ ಆಯ್ದು, ಅಕಾರಾದಿಯಾಗಿ ಜೋಡಿಸಿ, ಅರ್ಥ ನಿರ್ಣಯಿಸುವ ಕೆಲಸ ಅದು. ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ. ಎಂಟನೆಯ ಹಾಗೂ ಕೊನೆಯ ಸಂಪುಟ ಬಂದದ್ದು 1995ರಲ್ಲಿ. ಅದಕ್ಕಾಗಿ ದುಡಿದ ಹಿರಿಯ ವಿದ್ವಾಂಸರಲ್ಲಿ ಎಲ್ಲರಿಗೂ ಆ ಕೊನೆಯ ಸಂಪುಟವನ್ನು ಕಾಣುವ ಭಾಗ್ಯ ಇರಲಿಲ್ಲ. ಇಡೀ ಭಾಷೆಯನ್ನು ಒಂದೆಡೆ ತರಬೇಕೆಂಬ ಅವರ ಆಸೆಗಿಂತ ದೊಡ್ಡ ಮಹತ್ವಾಕಾಂಕ್ಷೆ ಯಾವುದಿದೆ? ಹಾಗಿದ್ದೂ ಆ ದಿನದ ಪದ ಆ ದಿನ ಸರಿಯಾಗಿ ಮುಗಿದರೆ ಅದೇ ಅಂದಿನ ಫಲ.

ಈ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ಕೊನೆಯ ಸಂಪುಟ ಬರುವ ಹೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು. ಆಗಲೂ ಅವರು ಕೆಲಸ ನಿಲ್ಲಿಸಲಿಲ್ಲ. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಪದಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಉತ್ತರ ಬರೆಯುತ್ತಲೇ ಹೋದರು. 2021ರಲ್ಲಿ, ನೂರೇಳು ತುಂಬಿದ ಮೇಲೆ ನಮ್ಮನ್ನಗಲಿದರು.

ಪದವಿಗಳನ್ನು ಪ್ರದಾನ ಮಾಡುವ ಈ ಸಭೆಯಲ್ಲಿ, ಕಾಲೇಜಿನ ಪದವಿಯನ್ನೇ ಪಡೆಯದ ಸಾಹಿತಿ ಡಿ.ವಿ. ಗುಂಡಪ್ಪನವರನ್ನೂ, ಅಂದರೆ ಡಿವಿಜಿಯವರನ್ನೂ ನೆನೆಯಬೇಕು. 1970ರಲ್ಲಿ ಬೆಂಗಳೂರಿನಲ್ಲಿ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಲಾಯಿತು. ಆ ಕಾಲಕ್ಕೆ ಅದು ಒಂದು ಮನೆತನದ ಚಿಂತೆಯನ್ನೇ ಕಳೆಯಬಲ್ಲ ಹಣ. ಡಿವಿಜಿ ಅದನ್ನು ತಾವು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ತಮ್ಮ ವಿಷಯದಲ್ಲಿ ಸಾಕು ಎಂದವರು, ಸಾರ್ವಜನಿಕ ಕೆಲಸದ ವಿಷಯದಲ್ಲಿ ಎಂದೂ ಸಾಕು ಎನ್ನಲಿಲ್ಲ.

ನಮ್ಮಲ್ಲಿ ಬಹುಮಂದಿ ಇದನ್ನು ತಿರುವುಮುರುವು ಮಾಡುತ್ತೇವೆ. ಸಂಬಳ, ಸೈಟು, ಕಾರಿನ ಮಾತು ಬಂದಾಗ ಸಾಲದು ಎನ್ನುತ್ತೇವೆ. ಕೈಯಲ್ಲಿರುವ ಕೆಲಸದ ಮಾತು ಬಂದಾಗ ಇಷ್ಟು ಸಾಕು ಬಿಡಿ, ಯಾರು ನೋಡುತ್ತಾರೆ ಎನ್ನುತ್ತೇವೆ. ಅಲ್ಲಿ ಹಂಬಲವೂ ಕೆಡುತ್ತದೆ, ತೃಪ್ತಿಯೂ ಕೆಡುತ್ತದೆ.

ಇದನ್ನು ಹೇಳುವಾಗ ಒಂದು ಎಚ್ಚರ ನನಗಿದೆ. ಜಮೀನು ಅಡವಿಟ್ಟು ಓದಿಸಿದ ಅಪ್ಪ, ಕೂಲಿ ಮಾಡಿ ಫೀಸು ಕಟ್ಟಿದ ಅಮ್ಮ ಇಲ್ಲಿ ಕೂತಿರಬಹುದು. ಅಂಥ ಮನೆಯ ಮಕ್ಕಳಿಗೆ ಅಲ್ಪತೃಪ್ತಿಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಸಂಪಾದಿಸಿ, ಸಾಲ ತೀರಿಸಿ, ಅವರನ್ನು ಚೆನ್ನಾಗಿ ನೋಡಿಕೊಳ್ಳಿ. ಅದು ದುರಾಸೆಯಲ್ಲ, ಧರ್ಮ. ಆದರೆ ಎಷ್ಟಾದರೆ ಸಾಕು ಎಂಬ ಲೆಕ್ಕವನ್ನು ಮೊದಲೇ ಹಾಕಿಟ್ಟುಕೊಳ್ಳಿ. ಆ ಲೆಕ್ಕವನ್ನು ನೀವು ಹಾಕದಿದ್ದರೆ ಪಕ್ಕದ ಮನೆಯವರು ಹಾಕುತ್ತಾರೆ, ಮೊಬೈಲಿನಲ್ಲಿ ಕಾಣುವ ಅಪರಿಚಿತರು ಹಾಕುತ್ತಾರೆ.

ಹೊಸ ಉದ್ಯೋಗ ಬಂದಾಗ ಸಂಬಳ ಎಷ್ಟು ಹೆಚ್ಚುತ್ತದೆ ಎಂದು ಕೇಳಿ. ಜೊತೆಗೆ, ದಿನದ ಎಷ್ಟು ಗಂಟೆ ರಸ್ತೆಯ ಪಾಲಾಗುತ್ತದೆ, ನನಗೆ ಬರುವ ವಿದ್ಯೆ ಅಲ್ಲಿ ಬೆಳೆಯುತ್ತದೆಯೇ ಎಂದೂ ಕೇಳಿ. ಸಂಬಳ ಕಡಿಮೆಯಾದರೆ ಮತ್ತೆ ಗಳಿಸಬಹುದು. ಇಪ್ಪತ್ತೈದರ ವಯಸ್ಸಿನ ಒಂದು ವರ್ಷವನ್ನು ಯಾವ ಕಂಪನಿಯೂ ವಾಪಸು ಕೊಡುವುದಿಲ್ಲ. ಎಷ್ಟೇ ದುಡಿಮೆಯಿದ್ದರೂ ದಿನಕ್ಕೆ ಒಂದು ಗಂಟೆಯನ್ನು ನಿಮ್ಮ ಜೀವನದ ದೊಡ್ಡ ಕೆಲಸಕ್ಕೆ ಮೀಸಲಿಡಿ. ಅದು ಸಂಶೋಧನೆಯಾಗಿರಬಹುದು, ಊರಿನ ಕೆರೆಯ ಹೂಳೆತ್ತಿಸುವುದಾಗಿರಬಹುದು, ಸಂಗೀತವಾಗಿರಬಹುದು, ಪಕ್ಕದ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವುದಾಗಿರಬಹುದು. ಸಂಜೆಯ ಉಳಿದ ಹೊತ್ತಿನಲ್ಲಿ ಮನೆಯವರ ಜೊತೆ ಕೂತು ಉಣ್ಣಿ, ಮಾತಾಡಿ. ಆಗ ಏನನ್ನೋ ಕಳೆದುಕೊಳ್ಳುತ್ತಿದ್ದೇನೆ ಎಂಬ ತಳಮಳ ಬೇಡ.

ಒಂದು ಜೀವಮಾನಕ್ಕೆ ಮುಗಿಯದಷ್ಟು ದೊಡ್ಡ ಕೆಲಸವನ್ನು ಹುಡುಕಿಕೊಳ್ಳಿ. ಪ್ರತಿದಿನ ಅದರ ಒಂದು ಪಾಲನ್ನು ಮುಗಿಸಿ ನಿಶ್ಚಿಂತೆಯಿಂದ ಮಲಗಿ. ನಾಡಿಗೆ ಅಂಥವರು ಬೇಕಾಗಿದ್ದಾರೆ. ಆ ಶಕ್ತಿ ನಿಮ್ಮಲ್ಲಿದೆ ಎಂಬ ನಂಬಿಕೆ ನನಗಿದೆ.