ಒಲೆಯ ಹೊಗೆ ಮತ್ತು ಫೋನಿನ ವೈದ್ಯ: ಘಟ್ಟದ ರೋಗಿಯ ಅನುಮಾನಕ್ಕೂ ಅರ್ಥವಿದೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಶ್ವಾಸಕೋಶದ ಕಾಯಿಲೆಯ ಮಾತೇಕೆ ಎಂಬ ಪ್ರಶ್ನೆ ಸಹಜವೇ. ಕಾಡು, ನದಿ, ಗಣಿಗಳ ಚರ್ಚೆಯಲ್ಲಿ ಹೊರಗಿನ ಗಾಳಿ ನೆನಪಾಗುತ್ತದೆ. ಅಡುಗೆಮನೆಯ ಗಾಳಿ ಮರೆತುಹೋಗುತ್ತದೆ. ಬೆಳಗಿನ ಬಚ್ಚಲೊಲೆಯಿಂದ ರಾತ್ರಿಯ ಅನ್ನದ ಒಲೆಯವರೆಗೆ ಮಲೆನಾಡಿನ ಹೆಣ್ಣುಮಕ್ಕಳು ಉಸಿರಾಡುವುದು ಈ ಗಾಳಿಯನ್ನೇ. ಮಳೆಗಾಲದ ಹಸಿ ಸೌದೆ, ಅಡಿಕೆ ಬೇಯಿಸುವ ಹಂಡೆಯ ಬೆಂಕಿ ಅದಕ್ಕೆ ಸೇರಿಕೊಳ್ಳುತ್ತವೆ.

ಹಳ್ಳಿಯಲ್ಲಿ ದಮ್ಮು, ಉಬ್ಬಸ ಎಂದು ಕರೆಯುವ ಕಾಯಿಲೆಗಳಲ್ಲಿ ಒಂದನ್ನು ವೈದ್ಯರು ಸಿಒಪಿಡಿ ಎನ್ನುತ್ತಾರೆ. ಇದರಲ್ಲಿ ಶ್ವಾಸನಾಳಗಳು ವರ್ಷಗಟ್ಟಲೆ ಕೆರಳಿ ಕಿರಿದಾಗುತ್ತವೆ, ಗಾಳಿಚೀಲಗಳು ಶಿಥಿಲವಾಗುತ್ತವೆ. ಹಾಳಾದ ಭಾಗ ಮೊದಲಿನಂತಾಗುವುದಿಲ್ಲ. ಇನ್ನಷ್ಟು ಹಾಳಾಗುವುದನ್ನು ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಇದರಿಂದ ತೀರಿಕೊಂಡರು. ಭಾರತದಲ್ಲಿ 2016ರ ಅಂದಾಜಿನಂತೆ ಸುಮಾರು 5.5 ಕೋಟಿ ರೋಗಿಗಳಿದ್ದರು. ಬೀಡಿ, ಸಿಗರೇಟು ಇದರ ದೊಡ್ಡ ಕಾರಣ. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿದಾಗ ಬರುವ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಏರುತ್ತದೆಂದು ಮೈಸೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಒಲೆ ಊದಿದರೆ 60 ಆಯಿತು. ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆ ಮೂವತ್ತೈದಕ್ಕೇ ಆ ಗೆರೆ ದಾಟಿರುತ್ತಾಳೆ.

ಈ ರೋಗಿಗೆ ಶ್ವಾಸಕೋಶ ತಜ್ಞರು ಸಿಗುವುದು ಹೆಚ್ಚಾಗಿ ದೊಡ್ಡ ಊರಿನಲ್ಲಿ. ಅಲ್ಲಿಗೆ ಹೋಗಿ ಬರಲು ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಖರ್ಚು, ಜೊತೆಗೆ ಬಸ್ ನಿಲ್ದಾಣದ ತನಕದ ಏರುದಾರಿ. ಆದ್ದರಿಂದಲೇ ದೂರವೈದ್ಯದ ಮಾತು ಬಂದಿದೆ. ಕರ್ನಾಟಕಕ್ಕೆ ಇದು ಹೊಸದಲ್ಲ. 2002ರ ಸುಮಾರಿಗೇ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಲಾಗಿತ್ತು. ಕೇಂದ್ರ ಸರ್ಕಾರದ ಇ-ಸಂಜೀವಿನಿ 2019ರಲ್ಲಿ ಆರಂಭವಾಯಿತು. 2020ರ ಮಾರ್ಚ್‌ನಲ್ಲಿ ದೂರವೈದ್ಯಕ್ಕೆ ರಾಷ್ಟ್ರೀಯ ಮಾರ್ಗಸೂಚಿಯೂ ಬಂತು.

ಸೌಕರ್ಯ ಬಂದರೂ ಹಳ್ಳಿಯ ರೋಗಿ ಹಿಂಜರಿಯುವುದನ್ನು ಹಲವರು ಅಜ್ಞಾನವೆಂದು ತಳ್ಳಿಹಾಕುತ್ತಾರೆ. ಆ ಹಿಂಜರಿಕೆಯನ್ನು ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ.

“ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಲೇ ಇಲ್ಲ” ಎಂಬುದು ಮೊದಲ ದೂರು. ಈ ದೂರಿನಲ್ಲಿ ವೈದ್ಯಶಾಸ್ತ್ರದ ಸತ್ಯವೇ ಇದೆ. ಸಿಒಪಿಡಿ ಖಚಿತವಾಗುವುದು ಸ್ಪೈರೋಮೀಟರ್ ಎಂಬ ಉಪಕರಣಕ್ಕೆ ಜೋರಾಗಿ ಊದಿಸಿದಾಗ. ಅಸ್ತಮಾ, ಕ್ಷಯ, ಹೃದಯದ ತೊಂದರೆಗಳೂ ಏದುಸಿರು ತರುತ್ತವೆ. ಪರದೆಯ ಮೇಲೆ ಮುಖ ನೋಡಿ ಅವನ್ನು ಬೇರ್ಪಡಿಸಲಾಗದು. ಮುಖತಃ ನೋಡುವುದು ಅಗತ್ಯವೆನಿಸಿದರೆ ವೈದ್ಯರು ಹಾಗೆಯೇ ಹೇಳಿ ಕಳಿಸಬೇಕೆಂದು ಮಾರ್ಗಸೂಚಿಯೂ ಹೇಳುತ್ತದೆ.

ಎರಡನೆಯದು ಫೋನು ಯಾರ ಕೈಯಲ್ಲಿದೆ ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ. 54 ಮಾತ್ರ. ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ನಲವತ್ತು ದಾಟಿದ ಮೇಲೆ. ಆ ಅಜ್ಜಿಯರು ಸಮೀಕ್ಷೆಯ ಹೊರಗೇ ಉಳಿದವರು. ಮಗನ ಫೋನಿನಲ್ಲಿ, ಮನೆಮಂದಿಯ ಮುಂದೆ, ರಾತ್ರಿ ಉಸಿರು ಕಟ್ಟುವ ಭಯವನ್ನು ಹೇಳಿಕೊಳ್ಳುವುದು ಸುಲಭವಲ್ಲ.

ಮೂರನೆಯದು ನೆಟ್‌ವರ್ಕ್. ಕೋವಿಡ್ ಕಾಲದಲ್ಲಿ ಪಾಠ ಕೇಳಲು ಗುಡ್ಡ ಹತ್ತಿದ ಅನುಭವ ಮಲೆನಾಡಿನ ವಿದ್ಯಾರ್ಥಿಗಳಿಗಿದೆ. ಹತ್ತು ಹೆಜ್ಜೆಗೆ ಏದುಸಿರು ಬಿಡುವವರಿಗೆ ಉಸಿರಿನ ವೈದ್ಯರನ್ನು ಕಾಣಲು ಗುಡ್ಡ ಹತ್ತಿ ಎನ್ನುವುದು ಕ್ರೂರವಾದೀತು.

ನಾಲ್ಕನೆಯ ಅನುಮಾನ ಎಲ್ಲಕ್ಕಿಂತ ಆಳವಾದದ್ದು: ಪರದೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹುದ್ದೆ ಖಾಲಿಯೇ ಉಳಿದೀತೇ? ಇದಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ.

ಹಾಗೆಂದು ದೂರವೈದ್ಯವನ್ನು ತಿರಸ್ಕರಿಸಿದರೆ ನಷ್ಟ ರೋಗಿಗೇ. ರೋಗ ಒಮ್ಮೆ ಖಚಿತವಾದ ಮೇಲೆ ಬೇಕಾಗುವುದು ಪದೇ ಪದೇ ವಿಚಾರಿಸುವ ವೈದ್ಯರು. ಇನ್‌ಹೇಲರ್ ಸರಿಯಾಗಿ ಎಳೆಯದಿದ್ದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ವಿಡಿಯೋದಲ್ಲಿ ಎಳೆದು ತೋರಿಸಿದರೆ ತಪ್ಪನ್ನು ಅಲ್ಲೇ ತಿದ್ದಬಹುದು. ಕಫದ ಬಣ್ಣ ಬದಲಾಯಿತೇ, ನಡಿಗೆ ಕುಗ್ಗಿತೇ ಎಂದು ವಾರಕ್ಕೊಮ್ಮೆ ಕೇಳಿದರೆ ಕಾಯಿಲೆ ಉಲ್ಬಣಿಸುವ ಮುನ್ನವೇ ಎಚ್ಚೆತ್ತುಕೊಳ್ಳಬಹುದು. ಇದಕ್ಕೆ ಘಟ್ಟದಲ್ಲಿ ಒಗ್ಗುವ ದಾರಿಯೆಂದರೆ, ರೋಗಿ ಹತ್ತಿರದ ಉಪಕೇಂದ್ರಕ್ಕೆ ಬಂದು, ಪರಿಚಯದ ಸಮುದಾಯ ಆರೋಗ್ಯ ಅಧಿಕಾರಿಯ ಪಕ್ಕದಲ್ಲಿ ಕುಳಿತು, ದೂರದ ವೈದ್ಯರೊಡನೆ ಮಾತನಾಡುವುದು. ಇ-ಸಂಜೀವಿನಿಯಲ್ಲಿ ಈ ವ್ಯವಸ್ಥೆ ಇದೆ. ಬೆರಳಿಗೆ ಆಕ್ಸಿಮೀಟರ್ ಇಡಲು, ಕೇಳಿಸದ ಮಾತನ್ನು ಕಿವಿಯ ಬಳಿ ಹೇಳಲು ಅಲ್ಲಿ ಒಬ್ಬರು ಇರುತ್ತಾರೆ. ಆದರೆ ತುಟಿ ನೀಲಿಗಟ್ಟಿದಾಗ, ಮಾತನಾಡಲೂ ಉಸಿರು ಸಾಲದಾದಾಗ, ಮಂಪರು ಕವಿದಾಗ ಫೋನಿಗಾಗಿ ಕಾಯಬಾರದು. 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.

ಎಷ್ಟೇ ಒಳ್ಳೆಯ ವೈದ್ಯರು ಫೋನಿನಲ್ಲಿ ಸಿಕ್ಕರೂ, ಮಾತು ಮುಗಿಸಿದ ರೋಗಿ ಮತ್ತೆ ಅದೇ ಹೊಗೆಯ ಮುಂದೆ ಕುಳಿತರೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ದಶಕಗಳ ಹಿಂದೆಯೇ ಹೊಗೆಯನ್ನು ಕೊಳವೆಯಲ್ಲಿ ಮಾಡಿನಾಚೆ ಕಳಿಸುವ ದಾರಿ ತೋರಿತು, ಸೌದೆಯನ್ನೂ ಉಳಿಸಿತು. ಉಜ್ವಲಾ ಯೋಜನೆ 2016ರಲ್ಲಿ ಗ್ಯಾಸ್ ತಂದಿತು; ಸಿಲಿಂಡರ್ ಮತ್ತೆ ತುಂಬಿಸುವ ಖರ್ಚು ಹೊರಲಾಗದ ಮನೆಗಳಲ್ಲಿ ಸೌದೆ ಒಲೆ ಆರಲಿಲ್ಲ. ಸೊಪ್ಪಿನಬೆಟ್ಟ ಉಳಿಸುವ ಕೆಲಸವೂ ಶ್ವಾಸಕೋಶ ಉಳಿಸುವ ಕೆಲಸವೂ ಇದೇ ಒಲೆಯ ಬಳಿ ಕೂಡುತ್ತವೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಕೇರಿಯ ಮನೆಮನೆಗೆ ಹೋಗಿ ಒಂದು ಪ್ರಶ್ನೆ ಕೇಳಲಿ: ವರ್ಷಕ್ಕೆ ಮೂರು ತಿಂಗಳಂತೆ ಸತತ ಎರಡು ವರ್ಷ ಕಫದ ಕೆಮ್ಮು ಯಾರಿಗಿದೆ? ಹೌದೆಂದವರನ್ನು ಆಶಾ ಕಾರ್ಯಕರ್ತೆಯ ಮೂಲಕ ಪರೀಕ್ಷೆಗೆ ಕಳಿಸಲಿ. ಗ್ರಾಮಸ್ಥರು ಮುಂದಿನ ಗ್ರಾಮಸಭೆಯಲ್ಲಿ ಮೂರು ಬೇಡಿಕೆ ಇಡಲಿ: ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸ್ಪೈರೋಮೀಟರ್, ಉಪಕೇಂದ್ರದಲ್ಲಿ ತಪ್ಪದೆ ಸಿಗುವ ಇನ್‌ಹೇಲರ್ ಮತ್ತು ನೆಟ್‌ವರ್ಕ್, ಖಾಲಿ ಹುದ್ದೆಗೆ ವೈದ್ಯರು. ಫೋನಿನ ವೈದ್ಯರ ಮೇಲೆ ಅಜ್ಜಿಗೆ ನಂಬಿಕೆ ಹುಟ್ಟುವುದು ಇವೆಲ್ಲ ಅವಳ ಕಣ್ಣಿಗೆ ಕಂಡ ಮೇಲೆಯೇ.